ಸಹಾಯ ಬೇಕು: ಸರ್ವರ್ ಓಡುತ್ತಿದೆಯಾ ಅಂತ ಶೆಲ್ ಸ್ಕ್ರಿಪ್ಟ್‌ನಲ್ಲಿ ನೋಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಲಿನಕ್ಸ್‌ನಲ್ಲಿರುವ ನಮ್ಮ ಜಾವಾ ಸರ್ವರ್ ಆಗಾಗ ನಿಂತುಹೋಗುತ್ತದೆ. 5 ನಿಮಿಷಕ್ಕೊಮ್ಮೆ ಕ್ರಾನ್‌ನಿಂದ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪ್ರೋಗ್ರಾಮ್) ಸ್ಕ್ರಿಪ್ಟ್ ಓಡಿಸಿ, ನಿಂತಿದ್ದರೆ ಮತ್ತೆ ಶುರು ಮಾಡಿಸಬೇಕು.

ಮೊದಲು ಓಡುತ್ತಿರುವ ಪ್ರೋಸೆಸ್‌ಗಳ (ಪ್ರೋಗ್ರಾಮ್‌ಗಳ) ಪಟ್ಟಿ ಕೊಡುವ ಪಿಎಸ್ ಕಮಾಂಡ್‌ನ ಔಟ್‌ಪುಟ್ ಅನ್ನು, ಸರ್ವರ್ ಹೆಸರಿರುವ ಸಾಲು ಹುಡುಕಲು ಗ್ರೆಪ್‌ಗೆ ಕೊಟ್ಟೆ. ಸರ್ವರ್ ನಿಂತಿದ್ದರೂ ಒಂದು ಸಾಲು ಸಿಗುತ್ತಲೇ ಇತ್ತು. ನೋಡಿದರೆ ಅದು ಗ್ರೆಪ್‌ನದೇ ಸಾಲು! ಆಮೇಲೆ ಪ್ರೋಸೆಸ್‌ಗಳನ್ನೇ ನೇರವಾಗಿ ಹುಡುಕುವ ಪಿಗ್ರೆಪ್‌ಗೆ ಬಂದೆ. ಅದು ತನ್ನನ್ನು ತಾನು ತೋರಿಸುವುದಿಲ್ಲ, ಸರಿ. ಆದರೆ ಪ್ರೋಸೆಸ್ ಹೆಸರು ಬರೀ 'ಜಾವಾ'. ಹಾಗಾಗಿ ಪೂರ್ತಿ ಕಮಾಂಡ್ ಸಾಲಿನಲ್ಲಿ ಹುಡುಕುವ ಮೈನಸ್ ಎಫ್ ಹಾಕಲೇಬೇಕು. ಹಾಕಿದರೆ ನನ್ನ ಸ್ಕ್ರಿಪ್ಟೇ ಸಿಕ್ಕಿಬಿಡುತ್ತದೆ, ಅದರ ಹೆಸರಲ್ಲೂ ಸರ್ವರ್ ಹೆಸರಿದೆ.

ಈಗ ಸರ್ವರ್‌ನ ಪಿಐಡಿಯನ್ನು (ಪ್ರೋಸೆಸ್ ನಂಬರ್) ಫೈಲ್‌ನಲ್ಲಿ ಬರೆದಿಟ್ಟು 'ಕಿಲ್ ಮೈನಸ್ ಸೊನ್ನೆ'ಯಿಂದ ನೋಡುತ್ತಿದ್ದೇನೆ. ಇದು ಯಾವ ಸಿಗ್ನಲ್ಲೂ ಕಳಿಸದೆ, ಪ್ರೋಸೆಸ್ ಇದೆಯಾ ಅಂತಷ್ಟೇ ಹೇಳುತ್ತದೆ. ನನಗೆ ಈ ದಾರಿಯೇ ಇಷ್ಟ. ಆದರೆ ಹೋದ ವಾರ ಮಷೀನ್ ರೀಬೂಟ್ ಆದ ಮೇಲೆ ಹಳೇ ಪಿಐಡಿ ನನ್ನದೇ ಇನ್ನೊಂದು ಪ್ರೋಸೆಸ್‌ಗೆ ಹೋಗಿತ್ತು. ಸ್ಕ್ರಿಪ್ಟ್ 'ಓಡುತ್ತಿದೆ' ಅಂತ ಸುಮ್ನೆ ಕೂತಿತು. ರಾತ್ರಿಯಿಡೀ ಸರ್ವರ್ ಇರಲಿಲ್ಲ, ತುಂಬಾ ಬೇಜಾರಾಯಿತು.

ಆ ಪಿಐಡಿ ನಮ್ಮ ಸರ್ವರ್‌ನದೇ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? ಪ್ರಾಕ್ ಡೈರೆಕ್ಟರಿಯಲ್ಲಿ ಆ ಪಿಐಡಿಯ ಕಮಾಂಡ್ ಸಾಲು ಇರುವ ಸಿಎಂಡಿಲೈನ್ ಫೈಲ್ ಓದಿದರೆ ಸಾಕಾ? ಲಿನಕ್ಸ್‌ನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಬಳಸಿ ಅಂತೀರಿ ಅಲ್ವಾ, ಆದರೆ ಈ ಮಷೀನ್‌ನಲ್ಲಿ ನನಗೆ ರೂಟ್ (ಅಡ್ಮಿನ್) ಅನುಮತಿ ಇಲ್ಲ. ಇದನ್ನು ಮಾಡಿ ನೋಡಿದವರು ದಯವಿಟ್ಟು ತಿಳಿಸಿ.