ಮಗನಿಗೆ ಬ್ಯಾಟರಿ ಜೀಪ್ ಅಂದ್ರೆ ಭಯ, ಹೇಗೆ ಬಿಡಿಸೋದು?

ಪುಟ್ಟನ ಅಮ್ಮ, ಮೈಸೂರು:
ಎಲ್ಲರಿಗೂ ನಮಸ್ಕಾರ. ಮಗನಿಗೆ ಎರಡೂವರೆ ವರ್ಷ. ಅವನ ಸೋದರಮಾವ ದೀಪಾವಳಿಗೆ ಕೂತು ಓಡಿಸೋ 12 ವೋಲ್ಟ್ ಜೀಪ್ ತಂದ್ಕೊಟ್ಟಿದ್ದಾನೆ. ಆಫ್ ಆಗಿದ್ರೆ ತಾನೇ ಹತ್ತಿ ಕೂತು ಸ್ಟೇರಿಂಗ್ ತಿರುಗಿಸ್ತಾ ಪೀಂ ಪೀಂ ಅಂತಾನೆ, ಆದ್ರೆ ಕೀ ತಿರುಗಿಸಿದ ತಕ್ಷಣ ಇಂಜಿನ್ ಸೌಂಡು ಹಾಡು ಎಲ್ಲ ಒಟ್ಟಿಗೆ ಬರುತ್ತಲ್ಲ, ಎರಡೂ ಕೈ ಚಾಚಿ "ಎತ್ಕೋ ಎತ್ಕೋ" ಅಂತ ಒಂದೇ ಸಮ ಅಳು. ಮೊನ್ನೆ ಅವರಪ್ಪ ರಿಮೋಟಲ್ಲಿ ಸ್ವಲ್ಪ ಮುಂದೆ ಬಿಟ್ರು, ಜರ್ಕ್ ಹೊಡೀತು, ಅವತ್ತಿಂದ ವರಾಂಡಕ್ಕೇ ಬರ್ತಿಲ್ಲ. ದಸರಾ ಎಕ್ಸಿಬಿಷನ್ನಲ್ಲಿ ತಿರುಗೋ ಕುದುರೆ ಮೇಲೆ ನಾನು ಪಕ್ಕ ನಿಂತಿದ್ದಾಗ ಆರಾಮಾಗಿ ಕೂತಿದ್ದ. ಮಿಕ್ಸಿ ಹಾಕಿದ್ರೆ ಮಾತ್ರ ಕಿವಿ ಮುಚ್ಕೋತಾನೆ. ಅತ್ತೆ "ಒಂದೆರಡು ಸಲ ಅಳಲಿ, ಕೂರಿಸಿಬಿಡಿ, ಸರಿಹೋಗ್ತಾನೆ" ಅಂತಾರೆ, ನನಗೆ ಮನಸ್ಸು ಬರ್ತಿಲ್ಲ. ಏನ್ ಮಾಡ್ಲಿ?

ಧಾರವಾಡದಾಕಿ:
ನಮ್ಮ ಮಗಳೂ ಹಿಂಗ ಮಾಡ್ತಿದ್ಲ್ರಿ ಅಕ್ಕಾರ. ಜಬರ್ದಸ್ತಿ ಮಾಡಿ ಕುಂಡ್ರಸಬ್ಯಾಡ್ರಿ. ನಾವು ಗಾಡ್ಯಾಗ ಆಕಿ ಗೊಂಬಿ ಕುಂಡ್ರಿಸಿ ರಿಮೋಟ ಆಕಿ ಕೈಯಾಗ ಕೊಟ್ವಿ. ಗೊಂಬಿ ಮುಂದ ಹೋತು, ನಿಂತು, ಹಿಂದ ಬಂತು, ಎಲ್ಲಾ ಈಕಿ ಒತ್ತಿದ್ಹಂಗ. ಗಾಡಿ ತಾನಾಗೇ ಮೈಮ್ಯಾಲೆ ಬರೂದಿಲ್ಲ, ನಾ ಹೇಳಿದ್ದ ಕೇಳತೈತಿ ಅಂತ ಗೊತ್ತಾದ ಮ್ಯಾಲೆ ಗೊಂಬಿ ಇಳಿಸಿ ತಾನ ಕುಂತ್ಲು. ಮೊದಲ ಬಾಗಲ ಹಿಂದ ನಿಂತ ನೋಡಿದ್ರೂ ನಡಿತೈತಿ, ಅವಸರ ಮಾಡಬ್ಯಾಡ್ರಿ.

ಗಾಡಿ ರಿಪೇರಿ, ಬೆಂಗಳೂರು:
ಮೇಡಂ, ನಾನು ಇಂಥ ಗಾಡಿಗಳನ್ನೇ ರಿಪೇರಿ ಮಾಡೋದು. ಸಾಫ್ಟ್ ಸ್ಟಾರ್ಟ್ (ನಿಧಾನಕ್ಕೆ ವೇಗ ಏರೋ ವ್ಯವಸ್ಥೆ) ಇಲ್ದಿರೋ ಗಾಡಿಲಿ ಒತ್ತಿದ ತಕ್ಷಣ ಪೂರ್ತಿ ಕರೆಂಟ್ ಮೋಟರ್‌ಗೆ ಹೋಗುತ್ತೆ, ಅದೇ ಜರ್ಕ್. ಪೆಡಲ್ ಬಿಟ್ರೂ ಅಷ್ಟೇ, ಗಪ್ ಅಂತ ನಿಲ್ಲುತ್ತೆ, ಮಗು ತಲೆ ಮುಂದಕ್ಕೆ ಬಾಗುತ್ತೆ. ಗಂಟೆಗೆ 3ರಿಂದ 5 ಕಿ.ಮೀ. ಸ್ಪೀಡೇ ಆದ್ರೂ ಮಗುಗೆ ಅದು ದೊಡ್ಡದು. ಲೋ ಸ್ಪೀಡ್ ಸ್ವಿಚ್ ಇದ್ರೆ ಅದರಲ್ಲೇ ಇಡಿ, ರಿಮೋಟಲ್ಲೂ ಸ್ಪೀಡ್ ಬಟನ್ ಇದ್ರೆ ಕಡಿಮೆ ಮಾಡಿ. ಹಾಡಿನ ವಾಲ್ಯೂಮ್ ಮಗು ಮಲಗಿದಾಗ್ಲೇ ಕಡಿಮೆ ಮಾಡಿಟ್ಬಿಡಿ. ಪ್ಲಾಸ್ಟಿಕ್ ಚಕ್ರ ಟೈಲ್ಸ್ ಮೇಲೆ ಜಾಸ್ತಿ ಗಡಗಡ ಅನ್ನುತ್ತೆ, ಗಟ್ಟಿ ಮಣ್ಣಿನ ಸಮತಟ್ಟು ಜಾಗದಲ್ಲಿ ಅಷ್ಟಿರಲ್ಲ.

ಇನ್ನೊಂದು, ಮೋಟರ್ ಇರೋ ಚಕ್ರಗಳು (ಸಾಮಾನ್ಯವಾಗಿ ಹಿಂದಿನವು) ನೆಲಕ್ಕೆ ತಾಗದ ಹಾಗೆ ಕೆಳಗೆ ಇಟ್ಟಿಗೆ ಕೊಟ್ಟು ಗಾಡಿ ಅಲ್ಲಾಡದ ಹಾಗೆ ನಿಲ್ಸಿ, ಮಗುನ ನಿಮ್ಮ ಮಡಿಲಲ್ಲಿ ಕೂರಿಸ್ಕೊಂಡು ಅವನ ಕೈಯಿಂದಲೇ ಪೆಡಲ್ ಒತ್ತಿಸಿ. ಚಕ್ರ ಗರಗರ ತಿರುಗುತ್ತೆ, ಗಾಡಿ ಇದ್ದಲ್ಲೇ ಇರುತ್ತೆ, ಕೈ ಬಿಟ್ರೆ ನಿಲ್ಲುತ್ತೆ. ನಮ್ಮ ಅಂಗಡಿಗೆ ಬರೋ ಮಕ್ಕಳು ಅತ್ತುಕೊಂಡು ಬಂದು ಇದನ್ನ ನೋಡ್ತಾ ನಿಂತ್ಬಿಡ್ತಾರೆ. ಚಕ್ರದ ಹತ್ರ ಬೆರಳು ಹೋಗದಂಗೆ ನೋಡ್ಕೊಳ್ಳಿ. ಗಾಡಿ ಸುಮ್ನೆ ನಿಂತಿದ್ರೂ ತಿಂಗಳಿಗೊಂದು ಸಲ ಚಾರ್ಜ್ ಮಾಡಿ, ಇಲ್ದಿದ್ರೆ ಬ್ಯಾಟರಿ ಸತ್ತೋಗುತ್ತೆ.

ಅಂಗನವಾಡಿ ಟೀಚರ್, ಶಿವಮೊಗ್ಗ:
ಈ ವಯಸ್ಸಲ್ಲಿ ಜೋರು ಶಬ್ದಕ್ಕೆ ಹೆದರೋದು ತುಂಬಾ ಸಾಮಾನ್ಯ. ಕುದುರೆ ಮೇಲೆ ಆರಾಮಾಗಿ ಕೂತಿದ್ದ ಅಂದ್ರಲ್ಲ, ಹಾಗಾದ್ರೆ ಚಲನೆಗಲ್ಲ, ಶಬ್ದಕ್ಕೆ, ಹೇಳದೆ ಕೇಳದೆ ಹೊರಟಿದ್ದಕ್ಕೆ ಹೆದರಿದ್ದಾನೆ ಅನ್ಸುತ್ತೆ. ಅತ್ತೆಯವರು ಪ್ರೀತಿಯಿಂದ್ಲೇ ಹೇಳಿರ್ತಾರೆ, ಆದ್ರೆ ಅಳ್ತಿರೋ ಮಗುನ ಹಿಡಿದು ಕೂರಿಸಿದ್ರೆ ಇವತ್ತು ಜೀಪಿಗೆ ಹೆದರೋನು ನಾಳೆ ಕೂರಿಸಿದವರಿಗೂ ಹೆದರ್ತಾನೆ. ಪ್ರತಿ ಸಲ "ಈಗ ಸೌಂಡ್ ಬರುತ್ತೆ ಕಂದಾ, ಒಂದು ಎರಡು ಮೂರು" ಅಂತ ಹೇಳಿಯೇ ಕೀ ತಿರುಗಿಸಿ, ಆಫ್ ಮಾಡೋದು ಅವನ ಕೈಲಿರಲಿ. "ನಿಲ್ಸು" ಅಂದ್ರೆ ಆ ಕ್ಷಣವೇ ನಿಲ್ಸಿ, ಇನ್ನೊಂಚೂರು ಅನ್ಬೇಡಿ. ಎಲ್ಲಾ ಶಬ್ದಕ್ಕೂ ಹೀಗೇ ಆಗ್ತಿದ್ರೆ, ಊಟ ನಿದ್ದೆಗೂ ತೊಂದರೆ ಅನ್ಸಿದ್ರೆ ಮಕ್ಕಳ ಡಾಕ್ಟರ್ ಹತ್ರ ಒಮ್ಮೆ ಕೇಳಿ.

ಪುಟ್ಟನ ಅಮ್ಮ, ಮೈಸೂರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಾಲ್ಯೂಮ್ ಪೂರ್ತಿ ಇಳಿಸಿ ಕರಡಿ ಬೊಂಬೆನ ಕೂರಿಸಿ ರಿಮೋಟ್ ಕೊಟ್ವಿ. ನನ್ನ ಸೀರೆ ಹಿಡ್ಕೊಂಡೇ ಒತ್ತಿದ, ಜೀಪ್ ಹೊರಟ್ರೆ ಒಂದ್ ಹೆಜ್ಜೆ ಹಿಂದೆ ಬಂದು ಮತ್ತೆ ಒತ್ತಿದ. ಅತ್ತೆನೂ ನೋಡಿ ನಕ್ಕರು. ಒಂದು ಡೌಟು ಸರ್, ಮುಂದೆ ಅವನೇ ಕೂತು ಪೆಡಲ್ ಒತ್ತುವಾಗ ನಾವು ರಿಮೋಟಲ್ಲಿ ನಿಲ್ಲಿಸಬಹುದಾ?

ಗಾಡಿ ರಿಪೇರಿ, ಬೆಂಗಳೂರು:
ಹೌದು ಮೇಡಂ, ಹೆಚ್ಚಿನ ಗಾಡಿಲಿ ಅವನು ಪೆಡಲ್ ಒತ್ತಿದ್ರೂ ರಿಮೋಟ್ ಹೇಳಿದ್ದೇ ನಡೆಯೋದು. ಆದ್ರೂ ಮೊದಲು ಕರಡಿನ ಕೂರಿಸಿ, ಪೆಡಲ್ ಕೈಲಿ ಒತ್ತಿ ಹಿಡಿದು, ಸ್ಟಾಪ್ ಬಟನ್ ಟೆಸ್ಟ್ ಮಾಡಿ. ಇಳಿಜಾರಲ್ಲಿ ಮಾತ್ರ ಬಿಡಲೇಬೇಡಿ.