ಬ್ಯಾಟರಿಯನ್ನು ‘ಆರಿಸು’ವುದೋ ‘ತಣಿಸು’ವುದೋ?

ಮೊದಲ ಸಲ ವಿಮಾನ ಹತ್ತುವ ಹಿರಿಯರಿಗಾಗಿ ಕನ್ನಡದಲ್ಲಿ ಒಂದು ಪುಟದ ಸೂಚನಾಪತ್ರ ಬರೆಯುತ್ತಿದ್ದೇನೆ. ಹಾರಾಟದ ನಡುವೆ ಮೊಬೈಲ್ ಅಥವಾ ಪವರ್ ಬ್ಯಾಂಕಿನ ಬ್ಯಾಟರಿ ವಿಪರೀತ ಬಿಸಿಯಾದರೆ ಏನು ಮಾಡಬೇಕು ಎನ್ನುವ ಭಾಗದಲ್ಲಿ ಎರಡು ಕಡೆ ಪದ ಸಿಗದೆ ನಿಂತಿದ್ದೇನೆ. ಬಲ್ಲವರು ನೆರವಾಗಬೇಕು.

ಮೊದಲನೆಯ ತೊಡಕು ‘ಆರಿಸು’. ಕನ್ನಡದಲ್ಲಿ ದೀಪವೂ ಆರುತ್ತದೆ, ಕಾಫಿಯೂ ಆರುತ್ತದೆ, ಒಗೆದ ಬಟ್ಟೆಯೂ ಆರುತ್ತದೆ. ಉರಿ ಹೋಗುವುದಕ್ಕೂ ಬಿಸಿ ಹೋಗುವುದಕ್ಕೂ ಪಸೆ ಹೋಗುವುದಕ್ಕೂ ಒಂದೇ ಧಾತು. ಲಿಥಿಯಂ ಬ್ಯಾಟರಿಯ ವಿಷಯದಲ್ಲಿ ಮಾತ್ರ ಉರಿ ಹೋಗುವುದು ಬೇರೆ, ಬಿಸಿ ಹೋಗುವುದು ಬೇರೆ. ಒಳಗಿನ ಎರಡು ವಿದ್ಯುದ್ವಾರಗಳ ನಡುವಣ ತೆಳುಪೊರೆ ಹರಿದರೆ ಅಥವಾ ಕರಗಿದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಆ ಬಿಸಿಗೆ ಶುರುವಾದ ರಾಸಾಯನಿಕ ಕ್ರಿಯೆಗಳು ಇನ್ನಷ್ಟು ಬಿಸಿ ಹುಟ್ಟಿಸುತ್ತವೆ, ಹೊತ್ತಿಕೊಳ್ಳುವ ಅನಿಲ ಹೊರಗೆ ನುಗ್ಗುತ್ತದೆ, ಬ್ಯಾಟರಿಯೊಳಗಿನ ಪಕ್ಕದ ಕೋಶಕ್ಕೂ (ಸೆಲ್) ಕಾವು ತಗಲುತ್ತದೆ. ಸಿಬ್ಬಂದಿ ಹ್ಯಾಲಾನ್ ಎಂಬ ಅಗ್ನಿಶಾಮಕ ಅನಿಲ ಸಿಂಪಡಿಸಿ ಜ್ವಾಲೆಯನ್ನು ಅಡಗಿಸಿದರೂ ಒಳಗಿನ ಕಾವು ಉಳಿದು ಮತ್ತೆ ಹೊತ್ತಿಕೊಳ್ಳಬಹುದು. ಅದಕ್ಕೇ ಆಮೇಲೆ ನೀರನ್ನೋ ಮದ್ಯಸಾರವಿಲ್ಲದ ಬೇರೆ ಪಾನೀಯವನ್ನೋ ಧಾರಾಳವಾಗಿ ಸುರಿಯುತ್ತಾರೆ.

ಹೀಗಾಗಿ ಜ್ವಾಲೆಗೆ ‘ನಂದಿಸು’ ಎಂದು ನಿಶ್ಚಯಿಸಿದ್ದೇನೆ, ಅದರಲ್ಲಿ ಎರಡರ್ಥವಿಲ್ಲ. ಎರಡನೆಯ ಹಂತಕ್ಕೆ ಏನೆನ್ನುವುದು? ‘ತಂಪು ಮಾಡಿ’ ಎಂದರೆ ಓದಿದವರ ಕೈ ಐಸಿನ ಕಡೆಗೇ ಹೋಗುತ್ತದೆ. ಐಸು ಹಾಕಲೇಬಾರದು ಎನ್ನುತ್ತದೆ ಅಮೆರಿಕದ ವಿಮಾನಯಾನ ಆಡಳಿತದ ಸೂಚನೆ: ಅದು ಬ್ಯಾಟರಿಯನ್ನು ಮುಚ್ಚಿಕೊಂಡು ಶಾಖ ಹೊರಹೋಗದಂತೆ ತಡೆಯುತ್ತದೆ. ಬಟ್ಟೆಯಲ್ಲಿ ಸುತ್ತುವುದೂ ಚೀಲಕ್ಕೆ ತುರುಕುವುದೂ ಅದೇ ಕಾರಣಕ್ಕೆ ತಪ್ಪು. ‘ತಣಿಸು’ ನನಗೆ ಇಷ್ಟ, ಆದರೆ ಅದು ದಾಹ, ಹಸಿವು, ಕೋಪಗಳಿಗೆ ಒಗ್ಗಿಹೋಗಿದೆ. ‘ನೀರು ಸುರಿದು ಕಾವಿಳಿಸಿ’ ಎಂದು ಸದ್ಯಕ್ಕೆ ಬರೆದಿದ್ದೇನೆ.

ಎರಡನೆಯದು, ಮೇಲೆ ಹೇಳಿದ ಬಿಸಿಯೇ ಬಿಸಿಯನ್ನು ಹೆಚ್ಚಿಸುತ್ತಾ ಹೋಗುವ ಆ ಸ್ಥಿತಿ. ತಂತ್ರಜ್ಞರ ಬಾಯಲ್ಲಿ ಅದು ‘ಥರ್ಮಲ್ ರನ್‌ಅವೇ’. ಪದಕ್ಕೆ ಪದವಿಟ್ಟು ‘ಉಷ್ಣ ಪಲಾಯನ’ ಎಂದರೆ ಬಿಸಿಯೇ ಓಡಿಹೋಯಿತೆಂದು, ಅಂದರೆ ನಿಜಕ್ಕೆ ತದ್ವಿರುದ್ಧವಾಗಿ, ಅರ್ಥವಾಗುತ್ತದೆ. ‘ಕಾವೇರುವಿಕೆ’ ಸಾಲದು, ಚಾರ್ಜಿಗೆ ಹಾಕಿದ ಮೊಬೈಲೂ ಕಾವೇರುತ್ತದೆ, ಚುನಾವಣೆಯೂ ಕಾವೇರುತ್ತದೆ. ‘ಹಬ್ಬುಗಾವು’ ಎಂದು ಕಟ್ಟಿ ನೋಡಿದೆ. ಕೋಶದಿಂದ ಕೋಶಕ್ಕೆ ದಾಟುವುದು ಅದರಲ್ಲಿ ಬರುತ್ತದೆ, ಹಿಡಿತ ತಪ್ಪಿರುವುದು ಬರುವುದಿಲ್ಲ. ‘ಸ್ಫೋಟ’ವನ್ನಂತೂ ಬಳಸಲಾರೆ. ಪತ್ರಿಕೆಗಳು ಎಲ್ಲದಕ್ಕೂ ಅದನ್ನೇ ಅಚ್ಚು ಹಾಕುತ್ತವೆ. ಪ್ರಯಾಣಿಕರು ಮೊದಲು ಗಮನಿಸಬೇಕಾದದ್ದು ಬ್ಯಾಟರಿ ಉಬ್ಬುವುದು, ಬುಸುಗುಡುವುದು, ಹೊಗೆಯಾಡುವುದು. ಆಗಲೇ ಸಿಬ್ಬಂದಿಯನ್ನು ಕೂಗಿ ಕರೆಯಬೇಕು. ಸ್ಫೋಟವಾಗಲೆಂದು ಕಾಯುತ್ತಾ ಕೂರುವಂತೆ ಮಾಡುವ ಪದ ಅಪಾಯಕಾರಿ.

ಇದನ್ನು ಇಷ್ಟು ಕೆದಕಲು ಕಾರಣವಿದೆ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ, ಹಾರಲು ಸಿದ್ಧವಾಗಿ ನಿಂತಿದ್ದ ಏರ್‌ಬಸ್ ವಿಮಾನದ ತಲೆಮೇಲಿನ ಲಗೇಜು ಗೂಡಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಎಲ್ಲರೂ ಬದುಕಿ ಹೊರಬಂದರು; ಶಂಕೆ ಪವರ್ ಬ್ಯಾಂಕಿನ ಮೇಲೆ ಬಿತ್ತು. ಮಾರ್ಚ್‌ನಿಂದ ಆ ದೇಶ ಪವರ್ ಬ್ಯಾಂಕುಗಳನ್ನು ಮೇಲಿನ ಗೂಡಿನಲ್ಲಿ ಇಡಬಾರದೆಂದು ನಿಯಮ ಮಾಡಿತು. ಕೆಳಗಿನ ಸರಕುಕೋಣೆಗೆ ಹೋಗುವ ಲಗೇಜಿನಲ್ಲಿ ಅವನ್ನು ಹಾಕುವಂತಿಲ್ಲ ಎನ್ನುವುದು ಎಲ್ಲೆಡೆಯ ಹಳೆಯ ನಿಯಮ.

ಕೇಳುವುದು ಇಷ್ಟು. ಕಮ್ಮಾರರು ಕಾದ ಕಬ್ಬಿಣವನ್ನು ನೀರಿಗೆ ಅದ್ದುವುದಕ್ಕೆ, ಮನೆಯಲ್ಲಿ ಒಲೆಯ ಕೆಂಡಕ್ಕೆ ನೀರು ಹೊಯ್ದು ಒಳಗಿನ ಕಾವೂ ಉಳಿಯದಂತೆ ಮಾಡುವುದಕ್ಕೆ ನಿಮ್ಮ ಸೀಮೆಯಲ್ಲಿ ಒಂದೇ ಕ್ರಿಯಾಪದ ಇದೆಯೇ? ಇದ್ದರೆ ಯಾವ ಊರಿನ ಬಳಕೆ, ಯಾರು ಆಡುವ ಮಾತು ಎಂಬುದನ್ನೂ ಸೇರಿಸಿ ಬರೆಯಿರಿ.