ಜೋರು ಮಳೆಗೆ ನೆಲಮಹಡಿ ಬಚ್ಚಲಿನಿಂದ ಯುಜಿಡಿ (ನೆಲದಡಿಯ ಒಳಚರಂಡಿ) ನೀರು ಮೇಲೆ ಬರ್ತಿದೆ. ವಾಲ್ವ್ ಎಲ್ಲಿ ಹಾಕಿಸೋದು, ಕ್ಲೀನಿಂಗ್ ಹೇಗೆ?

ಕೆಳಮನೆ_30x40

ಬೆಂಗಳೂರು, 30x40 ಸೈಟು, ನೆಲಮಹಡಿ ಮತ್ತು ಮೊದಲ ಮಹಡಿ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಈಗ ಮನೆಯ ನೆಲ ರಸ್ತೆಗಿಂತ ಅರ್ಧ ಅಡಿ ಕೆಳಗಿದೆ. ನಿನ್ನೆ ರಾತ್ರಿಯ ಮಳೆಗೆ ಬಚ್ಚಲಿನ ನಹಾನಿ ಟ್ರ್ಯಾಪಿನಿಂದ (ನೆಲದ ಜಾಲರಿ ತೂಬು) ಕಪ್ಪು ನೀರು ಉಕ್ಕಿ ಹಾಲಿನಲ್ಲಿ ಎರಡು ಇಂಚು ನಿಂತಿತ್ತು. ಬೆಳಿಗ್ಗೆ ಇಳಿದಿದೆ. ಮನೆಯಲ್ಲಿ ಚಿಕ್ಕ ಮಗು, ವಯಸ್ಸಾದ ಅಮ್ಮ ಇದ್ದಾರೆ.

ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? ಸಂಪಿನ ಮುಚ್ಚಳ ಒಳಚರಂಡಿ ಚೇಂಬರಿನ ಪಕ್ಕದಲ್ಲೇ ಇದೆ, ಕೊಳಕು ನೀರು ಒಳಗೆ ಹೋಗಿರಬಹುದಾ? ಪ್ಲಂಬರ್ ಗೇಟಿನ ಹತ್ತಿರದ ಕೊನೆಯ ಚೇಂಬರಿನಲ್ಲಿ, ನೀರು ವಾಪಸ್ ಬರದಂತೆ ತಡೆಯೋ ಎನ್‌ಆರ್‌ವಿ ಹಾಕೋಣ ಅಂತಿದ್ದಾರೆ, ಸರಿಯಾ? ಇನ್ನೊಬ್ಬರು ಬಂದು 1,500 ಕೊಟ್ಟರೆ ಮ್ಯಾನ್‌ಹೋಲ್‌ಗೆ ಇಳಿದು ಬ್ಲಾಕ್ ತೆಗೀತೀನಿ ಅಂದರು.

ಸುಣ್ಣ_ಸೋಪು

ಮೊದಲು ಸಂಪಿನ ಮೋಟರ್ ಸ್ವಿಚ್ ಆಫ್ ಮಾಡಿ. ಇದನ್ನು ಓದಿದ ತಕ್ಷಣ ಮಾಡಿ, ಉಳಿದದ್ದು ಆಮೇಲೆ. ಸಂಪಿಗೆ ಕೊಳಕು ಸೇರಿದ್ದರೆ ಮೋಟರ್ ಒಂದು ಸಲ ಓಡಿದರೂ ಓವರ್‌ಹೆಡ್ ಟ್ಯಾಂಕ್, ಪೈಪು, ಫಿಲ್ಟರ್ ಎಲ್ಲ ಕೆಡುತ್ತೆ.

ಮಗುವನ್ನೂ ಅಮ್ಮನನ್ನೂ ಎರಡು ದಿನ ಬೇರೆ ಕಡೆ ಇರಿಸಿ. ನೆಲದ ಹತ್ತಿರದ ಪ್ಲಗ್ ಪಾಯಿಂಟಿಗೆ, ಇನ್ವರ್ಟರಿಗೆ ನೀರು ತಾಗಿದ್ದರೆ ಒಣ ಜಾಗದಲ್ಲಿ ನಿಂತು ಮೇನ್ ಆಫ್ ಮಾಡಿ. ಮೇನ್ ಬೋರ್ಡ್ ಹತ್ತಿರವೇ ಒದ್ದೆಯಾಗಿದ್ದರೆ ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ಬರಲಿ. ಗಂಬೂಟು, ಮೊಣಕೈವರೆಗಿನ ರಬ್ಬರ್ ಗ್ಲೌಸ್, ಮಾಸ್ಕ್, ಕನ್ನಡಕ ಬೇಕೇ ಬೇಕು.

ಪೈಪ್ ಹಿಡಿದು ಜೋರಾಗಿ ನೀರು ಹೊಡೆಯಬೇಡಿ, ಹನಿ ಸಿಡಿದು ಗೋಡೆಗೆ, ಮುಖಕ್ಕೆ ಹಾರುತ್ತೆ. ಗಟ್ಟಿ ಕೊಳೆಯನ್ನು ಮೊರದಲ್ಲಿ ಎತ್ತಿ, ನೀರನ್ನು ವೈಪರಿನಲ್ಲಿ ತಳ್ಳಿ. ಆಮೇಲೆ ಸೋಪುಪುಡಿ ಹಾಕಿ ಉಜ್ಜಿ ತೊಳೆಯಿರಿ. ಬ್ಲೀಚಿಂಗ್ ಹಾಕೋದು ಅದಾದ ಮೇಲೆ. ಕೊಳೆಯ ಮೇಲೇ ಹಾಕಿದರೆ ಅದರ ಕ್ಲೋರಿನ್ ಕೊಳೆಯ ಜೊತೆ ಸೇರಿ ಖರ್ಚಾಗಿ ಹೋಗುತ್ತೆ, ಕ್ರಿಮಿಗೆ ಏನೂ ಉಳಿಯಲ್ಲ. ಹೆಚ್ಚಿನವರು ತಪ್ಪೋದು ಇಲ್ಲೇ.

ಅಳತೆ: ಒಳ್ಳೆಯ ಬ್ಲೀಚಿಂಗ್ ಪೌಡರಿನಲ್ಲಿ ಶೇ. 30ರಿಂದ 33 ಕ್ಲೋರಿನ್ ಇರುತ್ತೆ. ಕೊಳಚೆ ನಿಂತ ನೆಲಕ್ಕೆ 10 ಲೀಟರ್ ಬಕೆಟ್ಟಿಗೆ 150 ಗ್ರಾಂ. ಬಾಗಿಲು, ಕಪಾಟಿನ ಹೊರಮೈ ಒರೆಸೋದಕ್ಕೆ ಅಷ್ಟೇ ನೀರಿಗೆ 30 ಗ್ರಾಂ ಸಾಕು. ಮೊದಲು ಸ್ವಲ್ಪ ನೀರಿನಲ್ಲಿ ಗಂಜಿಯ ಹಾಗೆ ಕಲಸಿ, ಬಕೆಟ್ ತುಂಬಿಸಿ, ಕಾಲು ಗಂಟೆ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತೆ. ಮೇಲಿನ ತಿಳಿ ಬಳಸಿ. ನೆಲ ಅರ್ಧ ಗಂಟೆ ಒದ್ದೆಯಾಗೇ ಇರಬೇಕು, ನಂತರ ತೊಳೆಯಿರಿ. ಕಲಸಿದ್ದನ್ನು ಆ ದಿನವೇ ಮುಗಿಸಿ. ಗಂಟುಗಟ್ಟಿದ, ಘಾಟು ಇಲ್ಲದ ಹಳೇ ಪುಡಿ ಬೇಡ.

ಬ್ಲೀಚಿಂಗ್ ಜೊತೆ ಆ್ಯಸಿಡ್ ಆಗಲಿ ಟಾಯ್ಲೆಟ್ ಕ್ಲೀನರ್ ಆಗಲಿ ಸೇರಲೇಬಾರದು. ಕ್ಲೋರಿನ್ ಅನಿಲ ಏಳುತ್ತೆ, ಮುಚ್ಚಿದ ಬಚ್ಚಲಿನಲ್ಲಿ ಜೀವಕ್ಕೇ ಅಪಾಯ. ಕಿಟಕಿ ಪೂರ್ತಿ ತೆಗೆದಿಡಿ.

ನೆನೆದ ಹಾಸಿಗೆ, ಚಾಪೆ, ಕಾರ್ಪೆಟ್, ರಟ್ಟು, ತೆರೆದಿಟ್ಟ ಅಕ್ಕಿ ಬೇಳೆ ಎಲ್ಲ ಎಸೆಯಿರಿ. ಹತ್ತಿಯ ಹಾಸಿಗೆ ಬಿಸಿಲಿಗೆ ಹಾಕಿದರೆ ಮೇಲೆ ಒಣಗುತ್ತೆ, ಒಳಗೆ ಒಣಗಲ್ಲ. ಸ್ಟೀಲ್ ಪಾತ್ರೆಗೆ ಬ್ಲೀಚಿಂಗ್ ಬೇಡ, ತೂತು ಬೀಳುತ್ತೆ. ಸೋಪಿನಲ್ಲಿ ತೊಳೆದು ಕುದಿಸಿ.

ಕಾಲಲ್ಲಿ ಗಾಯ ಇದ್ದರೆ ಧನುರ್ವಾಯು (ಟೆಟನಸ್) ತಡೆಯೋ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಿ. ಮುಂದಿನ ಎರಡು ತಿಂಗಳಲ್ಲಿ ಯಾರಿಗಾದರೂ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಹಳದಿ ಆಗೋದು ಕಂಡರೆ "ಕೊಳಚೆ ನೀರು ತುಳಿದಿದ್ದೆವು" ಅಂತ ವೈದ್ಯರಿಗೆ ನೀವೇ ಹೇಳಿ. ಇಲಿಜ್ವರ, ಕಾಮಾಲೆ ಬೇಗ ಪತ್ತೆಯಾಗೋದು ಈ ಒಂದು ಮಾತಿನಿಂದ.

ನಾಲ್ಕಿಂಚು_ಪೈಪು

ಮ್ಯಾನ್‌ಹೋಲ್‌ಗೆ ಯಾರನ್ನೂ ಇಳಿಸಬೇಡಿ ಸರ್. 1,500ಕ್ಕೂ ಅಲ್ಲ, ಬಿಟ್ಟಿಯಾಗೂ ಅಲ್ಲ. ಒಳಗಿನ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ಹಾಗೆ ನಾರುತ್ತೆ, ಪ್ರಮಾಣ ಏರಿದಾಗ ಮೂಗಿಗೆ ವಾಸನೆಯೇ ಗೊತ್ತಾಗಲ್ಲ, ಎರಡು ಮೂರು ಉಸಿರಿಗೆ ಮನುಷ್ಯ ಕುಸಿದು ಬೀಳ್ತಾನೆ. ಎತ್ತೋಕೆ ಇಳಿದವನೂ ಹೋಗ್ತಾನೆ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಹೀಗೆ ಇಳಿಸಿದವರಿಗೆ ಜೈಲು ಶಿಕ್ಷೆ ಇದೆ. ರಸ್ತೆಯ ಲೈನು ಜಲಮಂಡಳಿಯದು, 1916ಕ್ಕೆ ಫೋನ್ ಮಾಡಿ ಜೆಟ್ಟಿಂಗ್ ಮಷೀನ್ (ಜೋರು ನೀರು ಹೊಡೆದು ಬ್ಲಾಕ್ ತೆಗೆಯೋದು) ಕೇಳಿ.

ಬ್ಲಾಕ್ ಎಲ್ಲಿದೆ ಅಂತ ತಿಳಿಯೋಕೆ ನಿಮ್ಮ ಚೇಂಬರುಗಳ ಮುಚ್ಚಳ ತೆಗೆದು ನೋಡಿ. ಗೇಟಿನ ಹತ್ತಿರದ್ದು ತುಂಬಿದ್ದರೆ ದೋಷ ಅಲ್ಲಿಂದ ರಸ್ತೆಯ ಕಡೆಗೆ. ಅದು ಖಾಲಿ ಇದ್ದು ಹಿಂದಿನದು ತುಂಬಿದ್ದರೆ ಆ ಎರಡರ ನಡುವೆ, ನೀವೇ ರಾಡ್ ಹಾಕಿಸಬಹುದು. ನಿಮ್ಮದು ಮಳೆಗೆ ಮಾತ್ರ ಬಂದು ತಾನೇ ಇಳಿದಿದೆ. ಹಾಗಾಗಿ ಇದು ರಸ್ತೆ ಲೈನ್ ತುಂಬಿ ಹಿಂದಕ್ಕೆ ಒತ್ತಿದ್ದು.

ನೀರು ಸಮಮಟ್ಟ ಹುಡುಕುತ್ತೆ. ರಸ್ತೆ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ನಿಮ್ಮ ನಹಾನಿ ಟ್ರ್ಯಾಪ್ ಕೆಳಗಿದ್ದರೆ ರಸ್ತೆಯಲ್ಲಿ ಉಕ್ಕೋ ಮೊದಲು ನಿಮ್ಮ ಬಚ್ಚಲಲ್ಲಿ ಉಕ್ಕುತ್ತೆ. ಕಮೋಡಿನ ಅಂಚು ನೆಲದಿಂದ ಒಂದು ಅಡಿಗಿಂತ ಎತ್ತರ ಇರೋದರಿಂದ ಅದರ ಸರದಿ ಆಮೇಲೆ.

ವಾಲ್ವ್ ವಿಷಯಕ್ಕೆ ಬರ್ತೀನಿ. ಮೊದಲ ಮಹಡಿಯ ಪೈಪು ಎಲ್ಲಿ ಸೇರುತ್ತೆ ಹೇಳಿ, ಆಮೇಲೆ ಜಾಗ ಹೇಳ್ತೀನಿ.

ಕೆಳಮನೆ_30x40

ಮೋಟರ್ ಆಫ್ ಮಾಡಿದೆ, ಥ್ಯಾಂಕ್ಸ್. ಮೇಲಿನ ಮನೆಯ ಪೈಪು ಪಕ್ಕದ ಓಣಿಯ ಎರಡನೇ ಚೇಂಬರಿಗೆ ಇಳಿಯುತ್ತೆ, ಅಲ್ಲಿಂದ ಎಲ್ಲ ಸೇರಿ ಗೇಟಿಗೆ. ತಾರಸಿ ಮಳೆನೀರಿನ ಪೈಪೂ ಅದಕ್ಕೇ ಬಿಟ್ಟಿದೆ.

ನಾಲ್ಕಿಂಚು_ಪೈಪು

ಹಾಗಾದರೆ ಪ್ಲಂಬರ್ ಹೇಳಿದ ಜಾಗ ತಪ್ಪು. ಕೊನೆಯ ಚೇಂಬರಿನಲ್ಲಿ ವಾಲ್ವ್ ಕೂತರೆ ರಸ್ತೆ ನೀರು ಒತ್ತಿದಾಗ ಅದು ಮುಚ್ಚಿಕೊಳ್ಳುತ್ತೆ ನಿಜ. ಆದರೆ ಮೇಲಿನವರು ಫ್ಲಶ್ ಮಾಡಿದ್ದು, ತಾರಸಿಯಿಂದ ಇಳಿದದ್ದು ಹೊರಗೆ ಹೋಗಲಾರದೆ ನಿಮ್ಮ ಬಚ್ಚಲಿನಲ್ಲೇ ಏಳುತ್ತೆ. ಸಾವಿರ ಚದರಡಿ ತಾರಸಿಗೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 4,600 ಲೀಟರ್. ವಾಲ್ವ್ ಇಲ್ಲದಿದ್ದಾಗಿಗಿಂತ ಕೆಟ್ಟ ಸ್ಥಿತಿ.

ತಾರಸಿ ಪೈಪನ್ನು ಯುಜಿಡಿಯಿಂದ ಈ ವಾರವೇ ಬಿಡಿಸಿ, ಇಂಗುಗುಂಡಿಗೋ ರಸ್ತೆಬದಿಯ ಮಳೆನೀರಿನ ಚರಂಡಿಗೋ ಕೊಡಿ. ಬೀದಿಯ ಎಲ್ಲ ಮನೆಗಳೂ ಹೀಗೆ ಸೇರಿಸಿರೋದರಿಂದಲೇ ರಸ್ತೆ ಲೈನ್ ಮಳೆಗೆ ತುಂಬೋದು. ಅಕ್ಕಪಕ್ಕದವರಿಗೂ ಹೇಳಿ.

ಮೇಲಿನ ಮನೆಯ ಪೈಪನ್ನು ಎರಡನೇ ಚೇಂಬರಿಗೆ ಬಿಡದೆ ನೇರ ಗೇಟಿನ ಚೇಂಬರಿಗೆ ಎಳೆಯಿರಿ. 110 ಮಿ.ಮೀ. ಪೈಪು, 40 ಅಡಿಗೆ ಒಂದು ಅಡಿ ಇಳಿಜಾರು. ವಾಲ್ವ್ ನೆಲಮಹಡಿಯ ಲೈನಿನಲ್ಲಿ ಮಾತ್ರ, ಗೇಟಿನ ಚೇಂಬರಿಗೆ ಸೇರೋ ಮೊದಲು. 110 ಮಿ.ಮೀ. ಯುಪಿವಿಸಿ ಫ್ಲಾಪ್ ಮಾದರಿ ತಗೊಳ್ಳಿ, ಮೇಲೆ ತಿರುಗಿಸಿ ತೆಗೆಯೋ ಮುಚ್ಚಳ ಇರಬೇಕು. ಬಾಣದ ಗುರುತು ರಸ್ತೆಯ ಕಡೆಗೆ. ಸಿಮೆಂಟಿನಲ್ಲಿ ಹೂಳಬೇಡಿ, ಕೈ ಇಳಿಯುವಷ್ಟು ಅಗಲದ ಚೇಂಬರ್ ಕಟ್ಟಿಸಿ. ನೀರೆತ್ತೋ ಪಂಪಿನ ಸ್ಪ್ರಿಂಗ್ ಎನ್‌ಆರ್‌ವಿ ಇಲ್ಲಿಗೆ ಆಗಲ್ಲ, ಮಲ ಸಿಕ್ಕಿಕೊಳ್ಳುತ್ತೆ.

ಗೇಟಿನ ಚೇಂಬರಿನ ಗೋಡೆ ಎತ್ತರಿಸಿ ಅದರ ಮುಚ್ಚಳ ರಸ್ತೆ ಮ್ಯಾನ್‌ಹೋಲಿಗಿಂತ ಮೇಲೆ ಬರೋ ಹಾಗೆ ಮಾಡಿ. ಇಲ್ಲದಿದ್ದರೆ ನೀರು ಒಳಗೆ ಬರೋ ಬದಲು ಅಂಗಳದಲ್ಲಿ ಎದ್ದು ಹೊಸ್ತಿಲು ದಾಟುತ್ತೆ.

ವಾಲ್ವ್ ಮುಚ್ಚಿರೋ ಹೊತ್ತಿನಲ್ಲಿ ನೆಲಮಹಡಿಯವರು ಸ್ನಾನ, ಬಟ್ಟೆ, ಫ್ಲಶ್ ಎಲ್ಲ ನಿಲ್ಲಿಸಬೇಕು. ನಿಮ್ಮ ನೀರಿಗೂ ದಾರಿ ಇರಲ್ಲ.

ತಿಳಿನೀರು

ಸಂಪಿನ ಬಗ್ಗೆ. ನೀರು ತಿಳಿಯಾಗಿ ಕಂಡರೂ ನಂಬಬೇಡಿ, ಚೇಂಬರ್ ಉಕ್ಕಿದೆ ಅಂದಮೇಲೆ ಸೇರಿದೆ ಅಂತಲೇ ಇಟ್ಟುಕೊಳ್ಳಿ. ಪೂರ್ತಿ ಖಾಲಿ ಮಾಡಿ, ಗೋಡೆ ತಳ ಉಜ್ಜಿಸಿ. ಇಳಿಯೋ ಮೊದಲು ಮುಚ್ಚಳ ಒಂದೆರಡು ಗಂಟೆ ತೆಗೆದಿಟ್ಟು ಒಳಗೆ ಫ್ಯಾನಿನ ಗಾಳಿ ಹಾಯಿಸಿ, ಮೇಲೆ ಇನ್ನೊಬ್ಬರು ನಿಂತಿರಲಿ. ಕೊಳಚೆ ವಾಸನೆ ಇದ್ದರೆ ಇಳಿಯಲೇಬೇಡಿ, ಮೇಲಿನಿಂದಲೇ ಉದ್ದ ಕೋಲಿನ ಬ್ರಷ್ಷಿನಲ್ಲಿ ಉಜ್ಜಿ.

ಆಮೇಲೆ ತುಂಬಿಸಿ ಪ್ರತಿ 1,000 ಲೀಟರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರಿನ ತಿಳಿ ಹಾಕಿ. 5,000 ಲೀಟರ್ ಸಂಪಿಗೆ 750 ಗ್ರಾಂ. ಓವರ್‌ಹೆಡ್ ಟ್ಯಾಂಕಿಗೆ ಏರಿಸಿ, ಪ್ರತಿ ನಲ್ಲಿಯನ್ನೂ ಕ್ಲೋರಿನ್ ವಾಸನೆ ಬರೋವರೆಗೆ ಬಿಟ್ಟು ಮುಚ್ಚಿ, 12 ಗಂಟೆ ಹಾಗೇ ಇರಲಿ. ಆರ್‌ಓ ಫಿಲ್ಟರಿನ ಪೈಪು ಮೊದಲೇ ಕಳಚಿರಿ, ಇಷ್ಟು ಕ್ಲೋರಿನ್‌ಗೆ ಮೆಂಬ್ರೇನ್ ಹಾಳಾಗುತ್ತೆ. ಮಾರನೇ ದಿನ ಆ ನೀರೆಲ್ಲ ಹೊರಗೆ ಬಿಡಿ, ಗಿಡಕ್ಕೆ ಬೇಡ. ಹೊಸ ನೀರು ತುಂಬಿದ ಮೇಲೆ ಎಚ್‌2ಎಸ್ ಬಾಟಲಿ ಪರೀಕ್ಷೆ (ನೀರಿಗೆ ಮಲದ ಕ್ರಿಮಿ ಸೇರಿದೆಯಾ ಅಂತ ತೋರಿಸೋದು) ಮಾಡಿ. ಬಾಟಲಿಯಲ್ಲಿ ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಡಿ. ಎರಡು ದಿನದೊಳಗೆ ಕಪ್ಪಾದರೆ ಇನ್ನೂ ಕೆಟ್ಟಿದೆ, ಮತ್ತೆ ಮೊದಲಿಂದ ಮಾಡಬೇಕು. ಫಲಿತಾಂಶ ಬರೋವರೆಗೆ ಕುಡಿಯೋಕೆ, ಮಗುವಿನ ಹಾಲಿಗೆ ಕ್ಯಾನ್ ನೀರು ಬಳಸಿ.

ಸಂಪಿನ ಬಾಯಿಗೆ ಒಂದು ಅಡಿ ಕಟ್ಟೆಯನ್ನೂ ಈಗಲೇ ಕಟ್ಟಿಸಿ.

ಕೆಳಮನೆ_30x40

ಎಲ್ಲರಿಗೂ ಧನ್ಯವಾದ. ವಾಲ್ವ್ ಎಷ್ಟು ದಿನಕ್ಕೊಮ್ಮೆ ನೋಡಬೇಕು?

ನಾಲ್ಕಿಂಚು_ಪೈಪು

ಮೂರು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ. ಗ್ಲೌಸ್ ಹಾಕಿ ಮುಚ್ಚಳ ತೆಗೆದು ಫ್ಲಾಪ್ ಎತ್ತಿ, ಅಂಚಿನ ರಬ್ಬರಿನ ಸುತ್ತ ಬೆರಳಾಡಿಸಿ. ಕೂದಲಿನ ಎಳೆ, ಬಟ್ಟೆಚೂರು, ಗಟ್ಟಿಯಾದ ಎಣ್ಣೆ ಸಿಕ್ಕಿದ್ದರೆ ತೆಗೆಯಿರಿ. ಒಂದು ಬೇಳೆಕಾಳು ಅಡ್ಡ ಕೂತರೂ ಅದು ಪೂರ್ತಿ ಮುಚ್ಚಲ್ಲ. ಫ್ಲಾಪ್ ಬಿಟ್ಟಾಗ ತಾನೇ ಬಿದ್ದು ಕೂರಬೇಕು, ಕೈಯಿಂದ ಒತ್ತಿ ಕೂರಿಸಬೇಕಾದರೆ ರಬ್ಬರ್ ಬದಲಾಯಿಸಿ.